ಟೆಸ್ಸಿಯ ಫ್ರಾಕಿನ ಕಲೆ

ಸಿಸ್ಟರ್ ಬೆನಿಗ್ನಸ್ ಫ್ರಾಕನ್ನು ಎರಡು ಬೆರಳಲ್ಲಿ ಎತ್ತಿದರು. ಸತ್ತ ಇಲಿಯ ಬಾಲ ಹಿಡಿದ ಹಾಗೆ. ಕಿಟಕಿಯ ಬೆಳಕಿಗೆ ಒಡ್ಡಿದರು. ಎದೆಯ ಹತ್ತಿರ ಒಂದು ಕಂದು ಕಲೆ ಇತ್ತು. ಗುಂಡಿಯಷ್ಟು ದೊಡ್ಡದು.

"ಏನಿದು?"

"ತುಕ್ಕು, ಸಿಸ್ಟರ್," ಎಂದಳು ವಿನಿ ಕಾಲಿ.

"ತುಕ್ಕು ಹಿಡಿಯೋಕೆ ಇದೇನು ಕಬ್ಬಿಣವಾ?"

ಬೆಂಚಿನ ಮೇಲೆ ಕೂತಿದ್ದ ಮಕ್ಕಳು ನಕ್ಕವು. ವಿನಿಯ ಮಗಳು ಟೆಸ್ಸಿಯೂ ನಕ್ಕಳು. ಅವಳಿಗೆ ಏಳು ವರ್ಷ. ಎಲ್ಲರೂ ನಗುವಾಗ ತಾನೊಬ್ಬಳು ನಗದಿದ್ದರೆ ಇನ್ನೂ ಕಷ್ಟ ಎಂಬುದು ಅವಳಿಗೆ ಆಗಲೇ ಗೊತ್ತಿತ್ತು.

ಮೊದಲ ಪರಮಪ್ರಸಾದದ ಭಾನುವಾರ ಹತ್ತಿರ ಬಂದಿತ್ತು. ಮಕ್ಕಳು ಮೊದಲ ಸಲ ಫಾದರ್ ಕೈಯಿಂದ ಪ್ರಸಾದದ ರೊಟ್ಟಿ ಪಡೆಯುವ ದಿನ ಅದು. ಅವತ್ತು ಹೆಣ್ಣುಮಕ್ಕಳೆಲ್ಲ ಬಿಳಿ ಫ್ರಾಕು ತೊಟ್ಟು ಚರ್ಚಿನ ನಡುಹಾದಿಯಲ್ಲಿ ಸಾಲಾಗಿ ನಡೆಯಬೇಕು. ಊರಿನ ಮಕ್ಕಳ ಫ್ರಾಕನ್ನು ತಂದು ತೋರಿಸಿ ಎಂದು ಕಾನ್ವೆಂಟಿನಲ್ಲಿ ಯಾರೂ ಕೇಳಿರಲಿಲ್ಲ. ಟೆಸ್ಸಿಯದನ್ನು ಮಾತ್ರ ಕೇಳಿದ್ದರು. ಕಾಲಿಯವರು ಅಲೆಮಾರಿಗಳು. ಹಿಂದೆ ಊರೂರು ತಿರುಗಿ ತಗಡಿನ ಪಾತ್ರೆ ಮಾಡಿ, ಒಡೆದ ಪಾತ್ರೆಗೆ ಬೆಸುಗೆ ಹಾಕುತ್ತಿದ್ದವರು. ಪ್ಲಾಸ್ಟಿಕ್ಕು ಬಂದು ಆ ಕಸುಬು ಹೋಗಿತ್ತು. ಹೆಸರು ಉಳಿದಿತ್ತು. ಊರವರು ಅವರನ್ನು ಕರೆಯುತ್ತಿದ್ದದ್ದು 'ಕಲಾಯಿಯವರು' ಎಂದೇ. ಅದನ್ನು ಉಗುಳುವ ಹಾಗೆ ಅನ್ನುತ್ತಿದ್ದರು.

ದಿನಾ ಬೆಳಿಗ್ಗೆ ಟೆಸ್ಸಿ ಶಾಲೆಗೆ ಬಂದ ಕೂಡಲೇ ಒಬ್ಬ ಸಿಸ್ಟರ್ ಅವಳನ್ನು ಬಚ್ಚಲಿಗೆ ಕರೆದೊಯ್ದು ತಿಕ್ಕಿ ತೊಳೆಯುತ್ತಿದ್ದರು. ಆಮೇಲೆ ತರಗತಿಗೆ. ಉಳಿದ ಮಕ್ಕಳನ್ನು ಯಾರೂ ತೊಳೆಯುತ್ತಿರಲಿಲ್ಲ. ಊರಿನ ಕೆಸರಿಗೂ ಅಲೆಮಾರಿಯ ಕೆಸರಿಗೂ ಕಾನ್ವೆಂಟಿನಲ್ಲಿ ವ್ಯತ್ಯಾಸವಿತ್ತು.

"ಮನೇಲಿ ಚೆನ್ನಾಗಿ ಒಗಿ. ಕಲೆ ಹೋಗಬೇಕು," ಎಂದರು ಸಿಸ್ಟರ್. "ಹೋಗದಿದ್ದರೆ ಟೆಸ್ಸಿ ಹಿಂದಿನ ಬೆಂಚಲ್ಲಿ ಕೂತಿರಲಿ. ಅವಳಿಗೆ ಇನ್ಯಾವತ್ತಾದರೂ ಕೊಡೋಣ. ಯಾರೂ ಇಲ್ಲದ ದಿನ."

"ಒಗೆಯೋಕೆ ನೀರಿಲ್ಲ ಸಿಸ್ಟರ್."

"ಮನಸ್ಸಿದ್ದರೆ ನೀರು ಸಿಗುತ್ತೆ. ಬ್ಲೀಚು ಹಾಕು."

ವಿನಿ ಫ್ರಾಕು ಮಡಿಸಿಕೊಂಡು ಹೊರಟಳು. ಮನಸ್ಸು ಇತ್ತು. ನೀರು ಇರಲಿಲ್ಲ.

ಐರ್ಲೆಂಡಿನ ಪಡುವಣ ಭಾಗದ ಬ್ಯಾಲಿಕ್ರೋನ್ ಊರಿನ ಹೊರಗೆ, ರಸ್ತೆ ಬದಿಯಲ್ಲಿ ಕಾಲಿಯವರ ಬಿಡಾರ. ಎರಡು ಗಾಡಿಮನೆ, ಒಂದು ವ್ಯಾನು, ಒಂದು ಕುದುರೆ, ವಿನಿಯ ಗಂಡ ಡಿನ್ನಿ ಗುಡ್ಡೆ ಹಾಕಿದ ಗುಜರಿ. ವರ್ಷಗಳಿಂದ ಅಲ್ಲೇ ಇದ್ದರು. ಕೌನ್ಸಿಲಿನ ನೀರಿನ ಕೊಳವೆ ಅವರ ಕಾಲ ಕೆಳಗೇ ಹಾದುಹೋಗುತ್ತಿತ್ತು. ರಸ್ತೆಯ ಆಚೆ ಗದ್ದೆಯಲ್ಲಿ ಹಸುಗಳು ಕುಡಿಯಲು ಒಂದು ತೊಟ್ಟಿ. ಅದಕ್ಕೆ ಅದೇ ಕೊಳವೆಯಿಂದ ನೀರು. ತೊಟ್ಟಿಯ ನಲ್ಲಿಗೆ ಬೀಗ.

ನಮಗೂ ಒಂದು ನಲ್ಲಿ ಹಾಕಿಕೊಡಿ ಎಂದು ವಿನಿ ಕೌನ್ಸಿಲರ್ ಗಾರ್ವಿಯನ್ನು ಎಷ್ಟು ಸಲ ಕೇಳಿದ್ದಳೋ ಅವಳಿಗೇ ನೆನಪಿಲ್ಲ.

"ನಲ್ಲಿ ಹಾಕಿದರೆ ನೀವು ಇಲ್ಲೇ ಉಳಕೋತೀರಿ," ಎನ್ನುತ್ತಿದ್ದ ಗಾರ್ವಿ.

"ನಾವು ಇಲ್ಲೇ ಇದ್ದೀವಲ್ಲ ಸ್ವಾಮಿ."

"ಇದ್ದೀರಿ. ಆದರೆ ಉಳಕೊಂಡಿಲ್ಲ. ನೀವು ಇಲ್ಲಿಯವರಲ್ಲ."

ಊರಿನ ಸ್ಮಶಾನದಲ್ಲಿ ಒಂದು ನಲ್ಲಿ ಇತ್ತು. ಗೋರಿಗಳ ಹೂವಿಗೆ ಇದ್ದದ್ದು. ವಿನಿ ಅಲ್ಲಿಂದ ಡಬ್ಬಿಯಲ್ಲಿ ನೀರು ತರುತ್ತಿದ್ದಳು. ಅದು ಅಂಗಡಿಯ ಮಿಸೆಸ್ ಲಾಲರ್ ಕಣ್ಣಿಗೆ ಬಿತ್ತು. ಅವಳು ಸ್ಮಶಾನ ಸಮಿತಿಗೆ ದೊಡ್ಡವಳು. ನಲ್ಲಿಯ ಹಿಡಿಯನ್ನೇ ಬಿಚ್ಚಿಸಿ ತನ್ನ ಕೈಚೀಲದಲ್ಲಿ ಇಟ್ಟುಕೊಂಡಳು. ಅವಳ ಅಂಗಡಿಯ ಬಾಗಿಲಲ್ಲಿ ಅಲೆಮಾರಿಗಳಿಗೆ ಪ್ರವೇಶವಿಲ್ಲ ಎಂಬ ಬೋರ್ಡು ಇತ್ತು. ಅದರ ಪಕ್ಕದಲ್ಲೇ ಯೇಸುವಿನ ಪವಿತ್ರ ಹೃದಯದ ಪಟ.

ಹಾಗಾಗಿ ಜೌಗಿನ ತೊರೆಯೇ ಗತಿ. ಅದು ಚಹಾದ ಬಣ್ಣದ ನೀರು. ಕುಡಿದರೆ ಬಾಯಲ್ಲಿ ಮೊಳೆ ಇಟ್ಟುಕೊಂಡ ರುಚಿ. ಮೈಲಿ ದೂರದಿಂದ ಹೊತ್ತು ತಂದು ಕಬ್ಬಿಣದ ಪೀಪಾಯಿಗೆ ಸುರಿಯಬೇಕು. ಡಬ್ಬಿಯ ಹಿಡಿ ವಿನಿಯ ಅಂಗೈಯಲ್ಲಿ ಕೊರೆದು ಗೆರೆ ಮಾಡಿತ್ತು. ಜಾತ್ರೆಯಲ್ಲಿ ಕೈ ನೋಡಿ ಭವಿಷ್ಯ ಹೇಳುವ ಅವಳ ಅಕ್ಕ ಒಮ್ಮೆ ಆ ಅಂಗೈ ನೋಡಿ, "ನಿನ್ನ ಆಯುಷ್ಯದ ಗೆರೆ ಯಾವುದು, ಡಬ್ಬಿ ಗೆರೆ ಯಾವುದು, ಗೊತ್ತಾಗಲ್ಲ ಕಣೇ" ಎಂದು ಕೈಬಿಟ್ಟಿದ್ದಳು.

ವಿನಿ ಒಗೆಯಲು ಕೂತಳು. ಸೋಪು ಹಾಕಿ ಉಜ್ಜಿದಳು. ಉಪ್ಪು ಹಾಕಿದಳು. ಸೋಡಾ ಹಾಕಿದಳು. ಹುಳಿ ಮಜ್ಜಿಗೆಯಲ್ಲಿ ನೆನೆಹಾಕಿದಳು. ಕಲೆ ಜಗ್ಗಲಿಲ್ಲ. ಕೊನೆಗೆ ಸಿಸ್ಟರ್ ಹೇಳಿದ ಬ್ಲೀಚು ಸುರಿದಳು. ಬೆರಳ ಸಂದಿಯ ಚರ್ಮ ಬಿರಿಯಿತು. ಕಣ್ಣಲ್ಲಿ ನೀರು ಬಂತು. ಕಲೆ ಹೋಗುವುದಿರಲಿ, ಬ್ಲೀಚು ಕುಡಿದು ಕೊಬ್ಬಿತು. ಕಂದು ಇದ್ದದ್ದು ಕಿತ್ತಳೆಯಾಗಿ, ಕಿತ್ತಳೆ ಇದ್ದದ್ದು ಹರಿದು, ಕೊರಳಿಂದ ಸೊಂಟದವರೆಗೆ ಉದ್ದಕ್ಕೆ ಇಳಿಯಿತು. ಬಟ್ಟೆಗೆ ಕಚ್ಚಿ ಕೂತಿತು.

ಅತ್ತೆ ಜೂಲಿಯಾ ಗಾಡಿಮನೆಯ ಮೆಟ್ಟಿಲ ಮೇಲೆ ಪೈಪು ಸೇದುತ್ತ ನೋಡುತ್ತಿದ್ದಳು.

"ತುಕ್ಕಿಗೆ ಬ್ಲೀಚು ಹಾಕ್ತಾರೇನೇ? ಬೆಂಕಿಗೆ ಸೀಮೆಎಣ್ಣೆ ಹಾಕ್ದಂಗೆ."

"ಸಿಸ್ಟರ್ ಹೇಳಿದ್ರು ಅತ್ತೆ."

"ಅವರು ತಲೆಗೆ ಸುತ್ತಿಕೊಂಡಿರೋ ಬಿಳೀಬಟ್ಟೆ ಅವರೇ ಒಗೀತಾರಾ? ಕೇಳ್ದಾ? ರೂಬಾರ್ಬ್ ದಂಟು ಕುದಿಸಿ ಆ ನೀರಲ್ಲಿ ನೆನೆಹಾಕು. ಆ ಹುಳಿ ತುಕ್ಕನ್ನ ತಿಂದುಹಾಕುತ್ತೆ."

"ರೂಬಾರ್ಬ್ ಎಲ್ಲಿಂದ ತರ್ಲಿ?"

ಜೂಲಿಯಾ ಪೈಪು ಆರಿಸಿ ಶಾಲು ಹೊದ್ದು ಹೊರಟಳು. ಸಂಜೆ ಅವಳ ಶಾಲಿನ ಒಳಗಿಂದ ಕೆಂಪು ದಂಟುಗಳ ಕಟ್ಟು ಹೊರಬಂತು. ಊರಿನ ಚರ್ಚಿನ ಫಾದರ್ ಹೆನೆಬ್ರಿಯವರ ಹಿತ್ತಿಲಲ್ಲಿ ಬಿಟ್ಟರೆ ಆ ಸುತ್ತಿನಲ್ಲಿ ಇನ್ನೆಲ್ಲೂ ರೂಬಾರ್ಬ್ ಬೆಳೆಯುತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ಕುದಿಸಿದರು. ನೆನೆಹಾಕಿದರು. ಕಲೆ ಮಸುಕಾಯಿತು. ವಿನಿಗೆ ಜೀವ ಬಂದಂತಾಯಿತು. ಆದರೆ ಹುಳಿ ಹೋಗಲು ಬಟ್ಟೆಯನ್ನು ಜಾಲಿಸಬೇಕಲ್ಲ. ಪೀಪಾಯಿಯ ನೀರಲ್ಲಿ ಜಾಲಿಸಿದಳು. ಮಸುಕಾದ ಕಲೆ ಅವಳ ಕಣ್ಣೆದುರಲ್ಲೇ ಮತ್ತೆ ಕೆಂಪಗೆ ಮೇಲೆದ್ದು ಬಂತು. ಮತ್ತೆ ಕುದಿಸಿದಳು. ಮತ್ತೆ ಹೋಯಿತು. ಮತ್ತೆ ಜಾಲಿಸಿದಳು. ಮತ್ತೆ ಬಂತು.

"ಕಲೆ ಬಟ್ಟೇಲಿಲ್ಲ," ಎಂದಳು ಜೂಲಿಯಾ. "ನೀರಲ್ಲಿದೆ."

ವಿನಿ ಫ್ರಾಕನ್ನು ಮುಳ್ಳುಬೇಲಿಯ ಮೇಲೆ ಎಸೆದು ಒಳಗೆ ಹೋಗಿ ಮಲಗಿಬಿಟ್ಟಳು. ನಡುಹಗಲಲ್ಲಿ ಅವಳು ಮಲಗಿದ್ದನ್ನು ಡಿನ್ನಿ ಮದುವೆಯಾದಮೇಲೆ ನೋಡಿರಲಿಲ್ಲ. ಏನು ಮಾಡಬೇಕೆಂದು ತೋಚದೆ ಹೋಗಿ ಕುದುರೆಯನ್ನು ತಿಕ್ಕಿದ.

ಅಷ್ಟು ಹೊತ್ತಿಗೆ ಮಿಸೆಸ್ ಲಾಲರ್ ಕಾರಿನಲ್ಲಿ ಆ ದಾರಿಯಲ್ಲಿ ಬಂದಳು. ಬಿಡಾರದ ಬಳಿ ಬಂದಾಗ ಅವಳು ಸಾಮಾನ್ಯವಾಗಿ ಗಾಜು ಏರಿಸಿ ವೇಗ ಹೆಚ್ಚಿಸುತ್ತಿದ್ದಳು. ಇವತ್ತು ಕಾರು ಗಕ್ಕನೆ ನಿಂತಿತು. ಇಳಿದಳು. ಬೇಲಿಯ ಮುಂದೆ ಹೋಗಿ ನಿಂತಳು. ಒಳ್ಳೆಯ ಕೋಟು ತೊಟ್ಟವಳು ಹಾಗೇ ಕೆಸರಲ್ಲಿ ಮೊಣಕಾಲೂರಿದಳು.

ತಲೆಯ ಮೇಲೆ ಮುಸುಕು. ಇಳಿಬಿದ್ದ ಮೇಲಂಗಿ. ಜೋಡಿಸಿದ ಕೈ. ಕಲೆಯಲ್ಲಿ ಅವಳಿಗೆ ಮೇರಿ ಮಾತೆ ಕಂಡಿದ್ದಳು.

ಸಂಜೆಗೆ ರಸ್ತೆ ತುಂಬ ಕಾರು. ಅಷ್ಟು ಜನ ಒಟ್ಟಿಗೆ ಬಿಡಾರದ ಕಡೆ ಬರುವುದೆಂದರೆ ಎತ್ತಂಗಡಿ ಮಾಡಿಸಲು ಎಂದೇ ಕಾಲಿಯವರಿಗೆ ಗೊತ್ತಿದ್ದದ್ದು. ಡಿನ್ನಿ ಓಡಿಹೋಗಿ ಕುದುರೆಗೆ ಜೀನು ಬಿಗಿದ. ಜೂಲಿಯಾ ಕೆಟಲನ್ನು ಮಡಿಲಿಗೆ ಹಾಕಿಕೊಂಡಳು. ವಿನಿ ಕೈಗೆ ಒಲೆ ಕೆದಕುವ ಸರಳು ತಗೊಂಡು ಬಾಗಿಲಲ್ಲಿ ನಿಂತಳು. ಬಂದವರು ಕಲ್ಲು ತೆಗೆಯಲಿಲ್ಲ. ಜಪಮಾಲೆ ತೆಗೆದರು.

"ಏನಂತೆ ಇವರದ್ದು?" ಎಂದು ಡಿನ್ನಿ ಪಿಸುಗುಟ್ಟಿದ.

"ನಮ್ಮ ಒಗೆದ ಬಟ್ಟೆಗೆ ಪ್ರಾರ್ಥನೆ ಮಾಡ್ತಾ ಅವ್ರೆ," ಎಂದಳು ವಿನಿ.

"ನನ್ನ ಚಡ್ಡೀನೂ ಅಲ್ಲೇ ಐತೆ ಕಣೇ."

ಅದೂ ಅಲ್ಲೇ ಇತ್ತು. ಅದನ್ನು ತೆಗೆಯಲು ವಿನಿ ಬೇಲಿಯ ಹತ್ತಿರ ಹೋದಾಗ ಮಿಸೆಸ್ ಲಾಲರ್ ತಡೆದಳು.

"ಅವರ ಹತ್ತಿರ ಹೋಗಬೇಡ."

"ಯಾರ ಹತ್ರ?"

ಮಿಸೆಸ್ ಲಾಲರ್ ಫ್ರಾಕಿನ ಕಡೆ ಕಣ್ಣು ತೋರಿಸಿದಳು. ವಿನಿಗೆ ಯಾವತ್ತೂ ಸಿಗದ ಬಹುವಚನ ಫ್ರಾಕಿಗೆ ಸಿಕ್ಕಿತ್ತು.

ಮಾರನೆಯ ದಿನ ಫಾದರ್ ಹೆನೆಬ್ರಿ ಬಂದರು. ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು. ಚರ್ಚು ಈ ವಿಷಯದಲ್ಲಿ ಏನೂ ಹೇಳುವುದಿಲ್ಲ ಎಂದು ಹೇಳಿದರು. ಹೋಗುವಾಗ ಶಿಲುಬೆಯ ಗುರುತು ಮಾಡಿಕೊಂಡರು. ಅಷ್ಟು ಸಾಕಾಯಿತು. ಪಕ್ಕದ ಜಿಲ್ಲೆಗಳಿಂದ ಬಸ್ಸುಗಳು ಹೊರಟವು.

ಬಸ್ಸಿನ ಹಿಂದೆ ಕೌನ್ಸಿಲರ್ ಗಾರ್ವಿ ಬಂದ. ಅವನ ಹಿಂದೆ ಲಾರಿಗಳು. ಕೆಸರಿಗೆ ಜಲ್ಲಿ ಬಿತ್ತು. ಕಾರು ನಿಲ್ಲಿಸಲು ಜಾಗವಾಯಿತು. ಸಾಲಾಗಿ ಶೌಚಾಲಯಗಳು ಎದ್ದವು. ವಿನಿಯ ಗಾಡಿಮನೆಯಿಂದ ಕೂಗಳತೆ ದೂರವೂ ಇಲ್ಲ, ಅಲ್ಲೊಂದು ಗುಂಡಿ ತೋಡಿದರು. ಹಗಲು ಕಳೆಯುವುದರೊಳಗೆ ಗುಂಡಿಯಿಂದ ಕೊಳವೆ ಎದ್ದುನಿಂತು, ಅದರ ತುದಿಗೆ ಹಿತ್ತಾಳೆಯ ನಲ್ಲಿ ಕೂತಿತು. ತಿರುಗಿಸಿದರೆ ನೀರು. ಬಣ್ಣವಿಲ್ಲದ ನೀರು.

ವಿನಿ ನೋಡುತ್ತ ನಿಂತಳು. ಟೆಸ್ಸಿ ಹುಟ್ಟುವ ಮೊದಲಿಂದ ಕೇಳಿದ್ದಳು. ಕೂಸಾಗಿದ್ದ ಟೆಸ್ಸಿಗೆ ಭೇದಿ ಹತ್ತಿ ಆಸ್ಪತ್ರೆಗೆ ಸೇರಿಸಿದಾಗ ಗಾರ್ವಿಯ ಬಾಗಿಲಲ್ಲಿ ಅತ್ತಿದ್ದಳು. ಆಗ ಭೂಮಿ ಗಟ್ಟಿಯಿದೆ, ಅಗೆಯಲಾಗದು ಎಂದಿದ್ದರು. ಭೂಮಿ ಈಗ ಬೆಣ್ಣೆಯಾಗಿತ್ತು.

ಬಕೆಟ್ಟು ಹಿಡಿದು ಹೋದಳು. ನಲ್ಲಿಯ ಪಕ್ಕ ತೋಳಿಗೆ ಹಳದಿ ಪಟ್ಟಿ ಕಟ್ಟಿಕೊಂಡ ಒಬ್ಬ ಕೂತಿದ್ದ. ಮಿಸೆಸ್ ಲಾಲರ್ ಮೈದುನ, ಪಾಡ್ರಿಕ್.

"ಇದು ಯಾತ್ರಿಕರಿಗೆ ಮಾತ್ರ," ಎಂದ.

"ಯಾತ್ರಿಕರು ಅಂದ್ರೆ?"

"ದೂರದಿಂದ ಬಂದೋರು."

"ನಾನೂ ದೂರದಿಂದ ಬಂದೋಳೇ. ದೊಡ್ಡೋರೆಲ್ಲ ಹಂಗೇ ಅಂತಾರೆ. ಗಾರ್ವಿ ಸ್ವಾಮಿನ ಬೇಕಾದ್ರೆ ಕೇಳು."

"ಸುಮ್ನೆ ಹೋಗು. ನೀನು ಇಲ್ಲಿಯೋಳು."

ವಿನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಇಲ್ಲಿಯವಳಲ್ಲ ಎಂದು ಅಷ್ಟು ವರ್ಷ ನೀರು ಕೊಡಲಿಲ್ಲ. ಈಗ ಇಲ್ಲಿಯವಳು ಎಂದು ಕೊಡುತ್ತಿಲ್ಲ. ಖಾಲಿ ಬಕೆಟ್ಟು ತಗೊಂಡು ತೊರೆಗೆ ನಡೆದಳು. ಮಿಸೆಸ್ ಲಾಲರ್ ದಾರಿಯ ತಿರುವಿನಲ್ಲಿ ಮೇಜು ಹಾಕಿಕೊಂಡು ಮೇರಿ ಮಾತೆಯ ಆಕಾರದ ಪ್ಲಾಸ್ಟಿಕ್ ಬಾಟಲಿ ಮಾರುತ್ತಿದ್ದಳು. ನಲ್ಲಿಯ ನೀರು ತುಂಬಿಕೊಳ್ಳಲು.

ಶನಿವಾರ ಬೆಳಿಗ್ಗೆ ಸಿಸ್ಟರ್ ಬೆನಿಗ್ನಸ್ ಬಂದರು. ಜೊತೆಗೆ ಗಾರ್ವಿಯೂ ಇದ್ದ. ಸಿಸ್ಟರ್ ಬೇಲಿಯ ಮುಂದೆ ಮೊಣಕಾಲೂರಿ ಎದ್ದು, ಆಮೇಲೆ ವಿನಿಯ ಕಡೆ ತಿರುಗಿದರು.

"ನಾಳೆ ಪೂಜೆ ಮುಗಿದ ಮೇಲೆ ಅವರನ್ನ ಚರ್ಚಿಗೆ ಬಿಜಯಮಾಡಿಸ್ತೀವಿ. ಗಾಜಿನ ಪೆಟ್ಟಿಗೆ ಮಾಡಿಸಿದೆ."

"ನಾಳೆ ಟೆಸ್ಸಿ ಅದನ್ನ ಹಾಕ್ಕೋಬೇಕು ಸಿಸ್ಟರ್. ಪರಮಪ್ರಸಾದಕ್ಕೆ."

"ಅದು ಈಗ ಹಾಕ್ಕೊಳ್ಳೋ ಬಟ್ಟೆ ಅಲ್ಲ ವಿನಿ."

"ಮತ್ತೆ ಮಗು ಏನು ಹಾಕ್ಕೋಬೇಕು?"

"ಬಿಳೀದು. ಕಲೆ ಇಲ್ಲದ್ದು."

ಗಾರ್ವಿ ಮುಂದೆ ಬಂದ. "ಇನ್ನೊಂದು ವಿಷಯ. ನಿಮ್ಮ ಗಾಡಿಗಳು ಬಸ್ಸಿನ ದಾರಿಗೆ ಅಡ್ಡ ಆಗ್ತಿವೆ. ಸ್ವಲ್ಪ ಅತ್ತಕಡೆ ಸರೀರಿ."

"ಎಷ್ಟು ಅತ್ತಕಡೆ?"

"ಜಿಲ್ಲೆ ದಾಟಿದರೆ ಅನುಕೂಲ."

ಟೆಸ್ಸಿ ಅವ್ವನ ಏಪ್ರನ್ನಿನ ಮರೆಯಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. "ಅವ್ವಾ, ನಾನು ಹಿಂದಿನ ಬೆಂಚಲ್ಲೇ ಕೂತ್ಕೋತೀನಿ, ಬುಡು," ಎಂದಳು. ಹಠ ಮಾಡಿ ಅತ್ತಿದ್ದರೆ ವಿನಿ ತಡೆದುಕೊಳ್ಳುತ್ತಿದ್ದಳೇನೋ. ಏಳು ವರ್ಷದ ಮಗು ಇಷ್ಟು ಸಲೀಸಾಗಿ ಬಿಟ್ಟುಕೊಟ್ಟದ್ದು ಅವಳ ಎದೆಗೆ ಒದ್ದ ಹಾಗಾಯಿತು.

"ಅತ್ತೆ, ರೂಬಾರ್ಬ್ ಉಳಿದೈತಾ?"

"ಬೇಕಾದಷ್ಟು."

"ಕುದಿಸು."

ಮಧ್ಯಾಹ್ನ ಜನ ಕಿಕ್ಕಿರಿದಿತ್ತು. ಜಪ ಜೋರಾಗಿ ನಡೆದಿತ್ತು. ವಿನಿ ತೋಳು ಮಡಿಸಿಕೊಂಡು ಜನರ ನಡುವೆ ನುಗ್ಗಿದಳು. ಮಿಸೆಸ್ ಲಾಲರ್ ಬಾಯಿ ತೆರೆಯುವಷ್ಟರಲ್ಲಿ ಬೇಲಿಯಿಂದ ಫ್ರಾಕು ಎಳೆದುಕೊಂಡಳು. ಒಂದು ಮುಳ್ಳು ಅಂಚನ್ನು ಸೀಳಿತು. ಜಪ ನಿಂತಿತು. ಫ್ರಾಕನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಡೆದಳು. ಜನ ತಾವಾಗಿ ದಾರಿ ಬಿಟ್ಟರು. ಕೆಲವರು ಮೆರವಣಿಗೆ ಎಂದುಕೊಂಡು ಹಾಡುತ್ತ ಹಿಂದೆ ಬಂದರು. ಅವರ ಹಿಂದೆ ಜೂಲಿಯಾ, ಹಬೆಯಾಡುವ ಪಾತ್ರೆ ಹೊತ್ತು.

ನಲ್ಲಿಯ ಬಳಿ ಪಾಡ್ರಿಕ್ ಎದ್ದು ನಿಂತ.

"ಇದು ಯಾತ್ರಿಕರಿಗೆ..."

"ನನಗಲ್ಲ ನೀರು. ಇವರಿಗೆ," ಎಂದಳು ವಿನಿ. "ತಾಯಿಗೆ ಬಾಯಾರಿದೆ. ತಡೀತೀಯಾ?"

ಪಾಡ್ರಿಕ್ ಹಿಂದೆ ಇದ್ದ ಜನರನ್ನು ನೋಡಿದ. ಫ್ರಾಕನ್ನು ನೋಡಿದ. ಟೋಪಿ ತೆಗೆದ. ತಾನೇ ನಲ್ಲಿ ತಿರುಗಿಸಿದ.

ವಿನಿ ಕೂತಳು. ಜೂಲಿಯಾ ಪಾತ್ರೆ ಇಟ್ಟಳು. ವಿನಿ ಫ್ರಾಕನ್ನು ಬಿಸಿ ಹುಳಿಯಲ್ಲಿ ಅದ್ದಿ ಮುಷ್ಟಿಯಿಂದ ಗುದ್ದಿದಳು. ಬಿರಿದ ಬೆರಳ ಸಂದಿಗೆ ಹುಳಿ ಹೊಕ್ಕು ಉರಿ ನೆತ್ತಿಗೇರಿತು. ಬಿಡಲಿಲ್ಲ. ಎದೆಯ ಭಾಗ ಹಿಡಿದು ಗಸಗಸ ತಿಕ್ಕಿದಳು. ಮುಸುಕು ಕರಗಿತು. ಮೇಲಂಗಿ ಕರಗಿತು.

ಆಗ ಜನಕ್ಕೆ ಅರ್ಥವಾಯಿತು. "ತಾಯಿಯನ್ನ ಅಳಿಸ್ತಾ ಇದಾಳೆ," ಎಂದು ಮಿಸೆಸ್ ಲಾಲರ್ ಕಿರುಚಿದಳು. ಯಾರೋ ವಿನಿಯ ಭುಜ ಹಿಡಿದು ಎಳೆದರು. ಅವಳು ಅಲುಗಲಿಲ್ಲ. ನೀರು ಹೊತ್ತ ಬೆನ್ನು ಅದು. ಇನ್ನಾರೋ ಅವಳ ಮೇಲೆ ಕೈ ಎತ್ತಿದರು. ಆದರೆ ಆ ಕೈ ಬೀಳುವ ಮೊದಲೇ ಕೆಂಪು ನೀರು ಪಾತ್ರೆಯಿಂದ ತುಳುಕಿ ಜಲ್ಲಿಯ ಮೇಲೆ ಹರಿಯಿತು. "ಪವಿತ್ರ ನೀರು," ಎಂದು ಒಬ್ಬಳು ಕೂಗಿದಳು. ಎತ್ತಿದ ಕೈಗಳೆಲ್ಲ ಬಾಟಲಿಯ ಕಡೆ ಹೋದವು. ಹೊಡೆಯಲು ಬಂದವರು ಕೆಳಗೆ ಕೂತು ಕೊಳೆನೀರಿಗೆ ಬಾಟಲಿ ಒಡ್ಡಿದರು. ಒಬ್ಬರನ್ನೊಬ್ಬರು ತಳ್ಳಿದರು. ಗಾರ್ವಿ ತನ್ನ ಹ್ಯಾಟನ್ನೇ ಒಡ್ಡಿದ.

"ಇನ್ನೂ ಬೇಕಾ? ಹಿಡೀರಿ, ಹಿಡೀರಿ," ಎಂದು ಜೂಲಿಯಾ ಡಿನ್ನಿಯ ಚಡ್ಡಿಯನ್ನೂ ಪಾತ್ರೆಯಲ್ಲಿ ಅದ್ದಿ ಹಿಂಡಿದಳು.

ವಿನಿ ಫ್ರಾಕನ್ನು ನಲ್ಲಿಯ ಕೆಳಗೆ ಹಿಡಿದಳು. ತಣ್ಣನೆಯ, ಬಣ್ಣವಿಲ್ಲದ ನೀರು. ಜಾಲಿಸಿದಳು. ಕಲೆ ಮರಳಿ ಬರುತ್ತದೆ ಎಂದು ಕಾದಳು. ಬರಲಿಲ್ಲ. ಎತ್ತಿ ಬಿಸಿಲಿಗೆ ಹಿಡಿದಳು. ಬೆಳ್ಳಗಿತ್ತು. ಗುಂಪಿನ ಅಂಚಿನಲ್ಲಿ ಸಿಸ್ಟರ್ ಬೆನಿಗ್ನಸ್ ನಿಂತಿದ್ದರು. ಅವರ ಮುಖವೂ ಅಷ್ಟೇ ಬೆಳ್ಳಗಿತ್ತು.

"ತೆಗಿ ಅಂದ್ರಿ ಸಿಸ್ಟರ್," ಎಂದಳು ವಿನಿ. "ತೆಗ್ದೆ."

ಭಾನುವಾರ ಟೆಸ್ಸಿ ಆ ಫ್ರಾಕನ್ನೇ ತೊಟ್ಟಳು. ಇನ್ನೂ ತೇವವಿತ್ತು. ಚರ್ಚಿನ ಬಾಗಿಲಲ್ಲಿ ಮಿಸೆಸ್ ಲಾಲರ್ ಕೈ ಅಡ್ಡ ಹಿಡಿದು, ಈ ಹುಡುಗಿಯನ್ನು ಒಳಗೆ ಬಿಡಬಾರದು ಎಂದಳು.

"ಯಾಕಮ್ಮ?" ಎಂದರು ಫಾದರ್ ಹೆನೆಬ್ರಿ.

"ಅದರಲ್ಲಿ ಕಲೆ ಇಲ್ಲ ಫಾದರ್."

ಫಾದರ್ ಆ ಕೈಯನ್ನು ತಾವೇ ಕೆಳಗಿಳಿಸಿದರು. ಟೆಸ್ಸಿ ನಡುಹಾದಿಯಲ್ಲಿ ಊರಿನ ಮಕ್ಕಳ ಜೊತೆ ನಡೆದಳು. ಅಕ್ಕಪಕ್ಕದ ಬೆಂಚುಗಳಿಂದ ಮುದುಕಿಯರು ಬಾಗಿ ಅವಳ ಅಂಚು ಮುಟ್ಟಲು ಬಂದರು. ಟೆಸ್ಸಿ ಫ್ರಾಕನ್ನು ಎಳೆದುಕೊಂಡು ಒಬ್ಬಳನ್ನು ಕೇಳಿದಳು: "ಕೈ ತೊಳ್ಕೊಂಡಿದ್ದೀರಾ?"

ಸೋಮವಾರ ಬೆಳಿಗ್ಗೆ ಕೌನ್ಸಿಲಿನ ವ್ಯಾನು ಬಂತು. ಯಾತ್ರೆ ಮುಗಿದಿತ್ತು, ನಲ್ಲಿ ಕೀಳಬೇಕು ಎಂದು ಗಾರ್ವಿ ಹೇಳಿ ಕಳಿಸಿದ್ದ. ಮೇಸ್ತ್ರಿ ಸಲಕರಣೆ ತಗೊಂಡು ಇಳಿದ. ನಲ್ಲಿಯ ಕೆಳಗೆ ದೊಡ್ಡ ತೊಟ್ಟಿ ಇತ್ತು. ತೊಟ್ಟಿಯ ಮುಂದೆ ವಿನಿ ಕೂತಿದ್ದಳು. ಪಕ್ಕದಲ್ಲಿ ಗುಡ್ಡೆ: ಕಂಬಳಿ, ಹಾಸಿಗೆ ಬಟ್ಟೆ, ಪರದೆ, ಡಿನ್ನಿಯ ಅಂಗಿಗಳು, ಕುದುರೆಯ ಹೊದಿಕೆ. ವರ್ಷಗಳ ಕಂದು ಅವುಗಳಲ್ಲಿ ಕಚ್ಚಿಕೊಂಡಿತ್ತು.

"ನಲ್ಲಿ ತೆಗೀಬೇಕಮ್ಮ," ಎಂದ ಮೇಸ್ತ್ರಿ.

"ತೆಗೀರಿ. ಒಗೆಯೋದು ಮುಗೀಲಿ."

ಮೇಸ್ತ್ರಿ ಗುಡ್ಡೆ ನೋಡಿದ. ಅವಳ ಕೈ ನೋಡಿದ. ಒದ್ದೆ ಕಂಬಳಿ ಹಿಡಿದ ಹೆಂಗಸನ್ನು ಎಬ್ಬಿಸುವ ವಿಚಾರ ಅವನಿಗೆ ಯಾರೂ ಹೇಳಿ ಕಳಿಸಿರಲಿಲ್ಲ. ಹೋಗಿ ವ್ಯಾನಿನಲ್ಲಿ ಕೂತು ಚಹಾ ಸುರಿದುಕೊಂಡ.

ವಿನಿ ಒಗೆದಳು. ಅವಳು ಎದ್ದಾಗ ಜೂಲಿಯಾ ಕೂತಳು. ಜೂಲಿಯಾ ಎದ್ದಾಗ ವಿನಿಯ ಅಕ್ಕ ಕೂತಳು. ಅಷ್ಟರಲ್ಲಿ ಸುದ್ದಿ ತಿಳಿದು ದೂರದ ಬಿಡಾರಗಳಿಂದ ಹೆಂಗಸರು ತಲೆಯ ಮೇಲೆ ಗಂಟು ಹೊತ್ತು ಬಂದರು. ಮುಳ್ಳುಬೇಲಿ ಮೈಲುದ್ದಕ್ಕೂ ಬೆಳ್ಳಗಾಯಿತು. ಮೇಸ್ತ್ರಿ ಆಗಾಗ ಇಳಿದು ಬರುತ್ತಿದ್ದ. ಹಾಗೇ ಹೋಗುತ್ತಿದ್ದ. ನಡುವೆ ಒಮ್ಮೆ ಗಾರ್ವಿ ಕಾರಿನಲ್ಲಿ ಬಂದು ಗಾಜು ಇಳಿಸಿ ಏನೋ ಕೂಗಿದ. ನೀರಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಇಳಿಹೊತ್ತಿಗೆ ಗುಡ್ಡೆ ಕರಗಿತು. ಕೊನೆಯ ದಿಂಬಿನ ಚೀಲವೂ ಬೇಲಿ ಸೇರಿತು. ತೊಟ್ಟಿಯಲ್ಲಿ ನೀರೊಂದೇ ಉಳಿಯಿತು. ಮೇಸ್ತ್ರಿ ಸಲಕರಣೆ ಹಿಡಿದು ಬಂದ.

"ಆಯ್ತೇನಮ್ಮ?"

ವಿನಿ ಸುತ್ತ ನೋಡಿದಳು. ಆಮೇಲೆ ತಾನು ಕಟ್ಟಿಕೊಂಡಿದ್ದ ಏಪ್ರನ್ನು ಬಿಚ್ಚಿ ನೀರಿಗೆ ಹಾಕಿ ತಿಕ್ಕತೊಡಗಿದಳು. ಅವಳ ಹಿಂದೆ ನಿಂತಿದ್ದ ಹೆಂಗಸರೆಲ್ಲ ಒಬ್ಬೊಬ್ಬರಾಗಿ ತಮ್ಮ ಶಾಲುಗಳನ್ನು ತೆಗೆಯುತ್ತಿದ್ದರು.